ಕಣೋ ಅನ್ನಲಾ, ಕಣೇ ಅನ್ನಲಾ?

ಪುಟ್ಟಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗ ಉತ್ತರ ಹೊಳೆಯಲಿಲ್ಲ. "ಅಮ್ಮಾ, ಚಿಕ್ಕವಳಿದ್ದಾಗ ಗಂಡುಬೀರಿ ಅಂತ ಬೈತಿದ್ದೆಯಲ್ಲ, ಯಾಕೆ?" ಯಾಕೆ ಅಂದರೆ ನನ್ನಮ್ಮ ನನಗೆ ಬೈದಿದ್ದರು, ನಾನು ನಿನಗೆ ಬೈದೆ, ಅಷ್ಟೇ. ನೀನು ಕೂದಲು ಕತ್ತರಿಸಿಕೊಂಡರೂ ಅದೇ, ಶರ್ಟ್ ಹಾಕಿದರೂ ಅದೇ, ಜೋರಾಗಿ ನಕ್ಕರೂ ಅದೇ. ನಿನ್ನಂಥ ಹೆಣ್ಣಿಗೆ ನನ್ನ ಹತ್ತಿರ ಇದ್ದದ್ದೇ ಒಂದು ಪದ, ಅದೂ ಬೈಗುಳ.

ಸಲಿಂಗಕಾಮಿ ಅನ್ನೋ ಪದ ಗೊತ್ತಿರಲಿಲ್ಲ ಅಂತಲ್ಲ. ಆದರೆ ಅದು ಕಿವಿಗೆ ಬಿದ್ದರೆ ಹಾಸಿಗೆ ಮಾತ್ರ ನೆನಪಾಗುತ್ತದೆ, ನಿನಗೆ ಜ್ವರ ಬಂದಾಗ ಹಣೆ ಮೇಲೆ ಒದ್ದೆ ಬಟ್ಟೆ ಇಟ್ಟು ರಾತ್ರಿಯಿಡೀ ಕೂತ ಆ ಹುಡುಗಿ ನೆನಪಾಗುವುದಿಲ್ಲ. ನನ್ನನ್ನೂ ನಿನ್ನಪ್ಪನನ್ನೂ ಯಾರಾದರೂ ಭಿನ್ನಲಿಂಗಕಾಮಿಗಳು ಅಂತ ಪರಿಚಯ ಮಾಡಿಸಿದ್ದರೆ ನಿನ್ನಪ್ಪ ಜಗಳಕ್ಕೇ ನಿಲ್ಲುತ್ತಿದ್ದರು! ಲೆಸ್ಬಿಯನ್ ವಾಸಿ. ಅದರಲ್ಲಿ ಕಾಮವೂ ಇಲ್ಲ, ಲಿಂಗವೂ ಇಲ್ಲ, ಇರುವುದು ಗ್ರೀಸಿನ ಲೆಸ್ಬಾಸ್ ಅನ್ನೋ ದ್ವೀಪದ ಹೆಸರು. ಎರಡೂವರೆ ಸಾವಿರ ವರ್ಷದ ಹಿಂದೆ ಅಲ್ಲಿ ಸ್ಯಾಫೊ ಅನ್ನೋ ಕವಯಿತ್ರಿ ಹೆಣ್ಣುಮಕ್ಕಳ ಮೇಲಿನ ಪ್ರೀತಿಯನ್ನ ಹಾಡು ಕಟ್ಟಿದಳು.

ನೀನಂತೂ ಸುಳ್ಳೇ ಹೇಳಿರಲಿಲ್ಲ ನೋಡು. ನಾಲ್ಕು ವರ್ಷ "ನನ್ನ ಗೆಳತಿ" ಅಂತಲೇ ಹೇಳುತ್ತಿದ್ದೆ, ನಾನು ಸ್ನೇಹಿತೆ ಅಂದುಕೊಂಡೆ. ಒಂದೇ ಪದದಲ್ಲಿ ನೀನು ಬಚ್ಚಿಟ್ಟುಕೊಂಡೂ ಇದ್ದೆ, ಹೇಳಿಕೊಂಡೂ ಇದ್ದೆ.

ಆಮೇಲೆ ನೀನು "ನಾನು ಬುಚ್" ಅಂದೆ, ಅಂದರೆ ಉಡುಗೆ ನಡೆಯಲ್ಲಿ ಗಂಡಸರ ಥರ ಇರುವ ಲೆಸ್ಬಿಯನ್. ನಾನು ಕೇಳಬಾರದ್ದನ್ನೇ ಕೇಳಿದೆ, "ಹಾಗಾದ್ರೆ ನಿಮ್ಮಿಬ್ಬರಲ್ಲಿ ಗಂಡ ನೀನಾ?" ನೀನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮಾ, ಆ ಪ್ರಶ್ನೆಯಲ್ಲೇ ಇಬ್ಬರಲ್ಲಿ ಒಬ್ಬಳು ಕಾಣೆಯಾದಳು" ಅಂದೆ. ಅವತ್ತು ನಿದ್ದೆ ಬರಲಿಲ್ಲ. ಎದ್ದು ಓದಿದೆ. 1940, 50ರ ದಶಕಗಳಲ್ಲಿ ಅಮೆರಿಕದ ಬಾರುಗಳಲ್ಲಿ ಸೇರುತ್ತಿದ್ದ ಕೂಲಿ ಕೆಲಸದ ಹೆಂಗಸರು ಬುಚ್, ಫೆಮ್ (ಹೆಂಗಸರ ಥರವೇ ಉಡುವ, ನಡೆಯುವವಳು) ಅನ್ನೋ ಪದಗಳನ್ನ ತಮ್ಮದು ಮಾಡಿಕೊಂಡಿದ್ದರಂತೆ. ನನಗೆ ಜಾಸ್ತಿ ಹಿಡಿಸಿದ್ದು ಥಾಯ್ ಭಾಷೆಯದು. ಇಂಗ್ಲಿಷಿನ ಟಾಮ್‌ಬಾಯ್ ಪದದಿಂದ ಬಾಯ್ ತೆಗೆದುಹಾಕಿ ನಿನ್ನಂಥವಳಿಗೆ ಟಾಮ್ ಅಷ್ಟನ್ನೇ ಇಟ್ಟುಕೊಂಡರು. ಲೇಡಿ ಪದದ ಬಾಲ ಹಿಡಿದು ಅವಳ ಜೊತೆಯವಳಿಗೆ ದೀ ಅಂದರು. ಗಂಡುಬೀರಿಯಿಂದ ಗಂಡು ತೆಗೆದರೆ ಬೀರಿ ಉಳಿಯುತ್ತದೆ. ಅಷ್ಟೇನೂ ಚೆನ್ನಾಗಿಲ್ಲ, ಅಲ್ವಾ?

ನಮ್ಮ ಕನ್ನಡದ್ದು ಒಂದು ತಮಾಷೆ ಇದೆ. ನೀನು "ನಾನು ಬಂದೆ" ಅಂದರೆ ಬಂದದ್ದು ಗಂಡೋ ಹೆಣ್ಣೋ ಯಾರಿಗೂ ಗೊತ್ತಾಗುವುದಿಲ್ಲ. ಹಿಂದಿಯಲ್ಲಾದರೆ ಆಯಾ, ಆಯೀ ಅಂತ ತನ್ನ ಬಗ್ಗೆ ತಾನು ಹೇಳುವಾಗಲೇ ಒಂದು ಕಡೆ ನಿಲ್ಲಬೇಕು. ನಮ್ಮಲ್ಲಿ ಬಂದನು, ಬಂದಳು ಅಂತ ತೀರ್ಮಾನಿಸುವವರು ಬೇರೆಯವರು. ನಿನ್ನ ವಿಷಯದಲ್ಲಿ ಆ ಬೇರೆಯವರಲ್ಲಿ ನಾನೇ ಮೊದಲಿನವಳು. ಅದಕ್ಕೇ ಹೆದರಿಕೊಂಡು ಕೇಳಿದ್ದೆ, "ಅವನು ಅನ್ನಬೇಕಾ?" ಅಂತ. ಹಾಗೆ ಬಯಸುವವರೂ ಇದ್ದಾರೆ, ನಾನು ಹಾಗಲ್ಲ ಅಂದೆ ನೀನು. "ಅವಳು ಅನ್ನು, ಆದರೆ ಆ ಅವಳು ಹೇಗಿರಬೇಕು ಅಂತ ನೀನು ಹೇಳಬೇಡ."

ಸರಿ, ಹೇಳುವುದಿಲ್ಲ. ಆದರೆ ಒಂದು ಉಳಿದಿದೆ. ಮುದ್ದು ಬಂದಾಗ ನಾನು ನಿನ್ನನ್ನ "ಬಾರೋ, ಏನೋ, ಕಣೋ" ಅಂತಲೇ ಕರೆದು ಬೆಳೆಸಿದ್ದು. ಆ ಬಾಯಲ್ಲೇ ಗಂಡುಬೀರಿ ಅಂತ ಬೈದದ್ದು ಈಗ ನೆನೆದರೆ ನಗು ಬರುತ್ತದೆ. ಅದನ್ನ ಹಾಗೇ ಇಟ್ಟುಕೊಳ್ಳಲಾ, ಕಣೇ ಅನ್ನಲಾ?

ನಿನ್ನೆ ನಿನ್ನ ಅತ್ತೆ ಫೋನ್ ಮಾಡಿ "ಮಗಳು ಇನ್ನೂ ಆ ಫ್ರೆಂಡ್ ಜೊತೆಗೇ ಇದ್ದಾಳಾ?" ಅಂದರು. "ಫ್ರೆಂಡ್ ಅಲ್ಲ, ಅವಳ ಸಂಗಾತಿ" ಅಂದೆ. ಮೊದಲ ಸಲ, ಗಂಟಲು ಒಣಗಿತ್ತು. ಆ ಕಡೆ ಸದ್ದಿಲ್ಲ. ಆಮೇಲೆ ಸಿಗ್ನಲ್ ಸರಿಯಿಲ್ಲ ಅಂತ ಇಟ್ಟುಬಿಟ್ಟರು. ಅವರದ್ದು ಲ್ಯಾಂಡ್‌ಲೈನ್.

ಅಮ್ಮ