ಮಾರ್ಗರೆಟ್ ರಾಣಿಯ ಕಡೆಯಿಂದ ನನ್ನ ವಕಾಲತ್ತು

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ 15ನೇ ಶತಮಾನದ ಇಂಗ್ಲೆಂಡಿನ ರಾಣಿ ಮಾರ್ಗರೆಟ್ ಆಫ್ ಆಂಜೂ ಬಗ್ಗೆ "ಅವಳಿಗೆ ಅಧಿಕಾರದ ಹುಚ್ಚು" ಅಂದೆಯಲ್ಲ, ಆ ಮಾತು ತಲೆಯಿಂದ ಹೋಗಲೇ ಇಲ್ಲ. ಜಗಳಕ್ಕೆ ಬರೆಯುತ್ತಿಲ್ಲ ಮಾರಾಯ, ಸುಮ್ನೆ ಓದು.

ಮೊದಲು ಅವಳ ತವರು ನೋಡು. ಅಪ್ಪ ರೆನೆ ಯುದ್ಧದಲ್ಲಿ ಸೋತು ಸೆರೆಯಲ್ಲಿದ್ದಾಗ ಅವನ ಪರವಾಗಿ ಇಟಲಿಯ ನೇಪಲ್ಸ್‌ಗೆ ಹೋಗಿ ಆಡಳಿತ ನಡೆಸಿದ್ದು ಅಮ್ಮ ಇಸಾಬೆಲ್. ಇತ್ತ ಫ್ರಾನ್ಸಿನಲ್ಲಿ ಆಂಜೂ ಸೀಮೆ ನೋಡಿಕೊಂಡಿದ್ದು ಅಜ್ಜಿ ಯೊಲಾಂಡ್. ಮಾರ್ಗರೆಟ್ ಬೆಳೆದದ್ದು ಈ ಅಜ್ಜಿಯ ಕೈಯಲ್ಲಿ. ಗಂಡಸಿಗೆ ಆಗದಿದ್ದಾಗ ಹೆಂಗಸು ಆಳುವುದು ಆ ಮನೆಯಲ್ಲಿ ವಿಶೇಷವೇನೂ ಆಗಿರಲಿಲ್ಲ.

1445ರಲ್ಲಿ, 15ನೇ ವಯಸ್ಸಿಗೆ, ಇಂಗ್ಲೆಂಡಿನ 6ನೇ ಹೆನ್ರಿಯ ಜೊತೆ ಮದುವೆ. ವರದಕ್ಷಿಣೆ ಇಲ್ಲವೆನ್ನುವಷ್ಟು ಕಡಿಮೆ. ಸಾಲದ್ದಕ್ಕೆ, ಹೆನ್ರಿಯೇ ಫ್ರಾನ್ಸಿನಲ್ಲಿ ಇಂಗ್ಲಿಷರ ಕೈಯಲ್ಲಿದ್ದ ಮೇನ್ ಪ್ರಾಂತ್ಯವನ್ನು ಫ್ರೆಂಚರಿಗೆ ಬಿಟ್ಟುಕೊಡಲು ಒಪ್ಪಿದ. ಜನ ಬೈದದ್ದು ಯಾರನ್ನು? ಸೊಸೆಯ ಕಾಲ್ಗುಣ, ಅಲ್ವಾ!

1453ರ ಆಗಸ್ಟ್‌ನಲ್ಲಿ ಹೆನ್ರಿಗೆ ಬುದ್ಧಿಭ್ರಮಣೆಯಾಯಿತು. ಮಾತಿಲ್ಲ, ಯಾರ ಗುರುತೂ ಇಲ್ಲ. ಅಕ್ಟೋಬರ್ 13ಕ್ಕೆ ಮಗ ಎಡ್ವರ್ಡ್ ಹುಟ್ಟಿದ. ಹೊಸ ವರ್ಷದ ಹೊತ್ತಿಗೆ ವಿಂಡ್ಸರ್‌ನಲ್ಲಿ ಮೊದಲು ಬಕಿಂಗ್‌ಹ್ಯಾಮ್ ಡ್ಯೂಕ್, ಆಮೇಲೆ ಅವಳೇ ಮಗುವನ್ನು ಎತ್ತಿಕೊಂಡು ಹೋಗಿ ಹರಸು ಎಂದು ಕೇಳಿದರು. ಅವನು ಒಮ್ಮೆ ಮಗುವಿನ ಕಡೆ ನೋಡಿ ಕಣ್ಣು ಕೆಳಗೆ ಹಾಕಿಬಿಟ್ಟ. ಅಷ್ಟೇ. ಆ ಕೋಣೆಯಿಂದ ಹೊರಗೆ ಬಂದ 23 ವರ್ಷದ ತಾಯಿಯ ಜಾಗದಲ್ಲಿ ನಿನ್ನನ್ನು ನಿಲ್ಲಿಸಿಕೊಂಡು ನೋಡು.

ಕೆಲವೇ ದಿನಗಳಲ್ಲಿ ಅವಳು ತನ್ನ ಬೇಡಿಕೆ ಮುಂದಿಟ್ಟಳು. ರಾಜ್ಯದ ಆಡಳಿತ ತನ್ನ ಕೈಗೆ ಬರಬೇಕು, ಚಾನ್ಸಲರ್, ಖಜಾಂಚಿ, ಶೆರಿಫರನ್ನು ತಾನೇ ನೇಮಿಸಬೇಕು. ಅಮ್ಮ, ಅಜ್ಜಿ ಮಾಡಿದ್ದನ್ನೇ ಅಲ್ವಾ ಕೇಳಿದ್ದು? ಇಂಗ್ಲೆಂಡಿನ ಸರದಾರರಿಗೆ ಅದು ಹಿಡಿಸಲಿಲ್ಲ. ಸಿಂಹಾಸನಕ್ಕೆ ಹತ್ತಿರದ ರಕ್ತದವನಾದ ಯಾರ್ಕ್‌ನ ಡ್ಯೂಕ್ ರಿಚರ್ಡ್‌ನನ್ನೇ ರಾಜ್ಯರಕ್ಷಕನನ್ನಾಗಿ ಮಾಡಿದರು. ಅವಳ ಹಟ ಶುರುವಾದದ್ದು ಅಲ್ಲಿಂದ ಎಂದು ನನ್ನ ಲೆಕ್ಕ.

ಆಮೇಲೆ ಸಿಂಹಾಸನಕ್ಕಾಗಿ ಅವಳ ಕಡೆಯವರಿಗೂ ಯಾರ್ಕ್ ಕಡೆಯವರಿಗೂ ನಡೆದ ಯುದ್ಧಗಳು ನಿನಗೆ ಗೊತ್ತೇ ಇವೆ. ಆದರೆ ಒಂದು ಮಾತು. 1460ರಲ್ಲಿ ಪಾರ್ಲಿಮೆಂಟು ಅವಳ ಮಗನನ್ನು ಬದಿಗೆ ಸರಿಸಿ ಯಾರ್ಕ್‌ನನ್ನು ಉತ್ತರಾಧಿಕಾರಿ ಮಾಡಿತು. ಅದೇ ಡಿಸೆಂಬರ್‌ನಲ್ಲಿ ವೇಕ್‌ಫೀಲ್ಡ್ ಯುದ್ಧದಲ್ಲಿ ಯಾರ್ಕ್ ಸತ್ತ. ಶೇಕ್ಸ್‌ಪಿಯರ್ ನಾಟಕದಲ್ಲಿ ಅವಳೇ ಅವನನ್ನು ಹಂಗಿಸಿ ಇರಿಯುತ್ತಾಳೆ. ನಿಜವಾಗಿ ಅವಳು ಆಗ ಸ್ಕಾಟ್ಲೆಂಡಿನಲ್ಲಿದ್ದಳು!

ಹಾಗಂತ ಅವಳೇನು ಸಾಧ್ವಿಯಲ್ಲ. ದಕ್ಷಿಣಕ್ಕೆ ಬಂದ ಅವಳ ಸೈನ್ಯ ದಾರಿಯ ಊರುಗಳನ್ನು ದೋಚಿತು. 1461ರಲ್ಲಿ ಗೆದ್ದು ಬಂದರೂ ಲಂಡನ್ ಬಾಗಿಲು ತೆರೆಯಲಿಲ್ಲ. ಜನರ ಭಯಕ್ಕೆ ಕಾರಣವಿತ್ತು, ಒಪ್ಪುತ್ತೇನೆ.

1471ರ ಮೇ 4ರಂದು ಟ್ಯೂಕ್ಸ್‌ಬರಿ ಯುದ್ಧದಲ್ಲಿ 17 ವರ್ಷದ ಮಗ ಸತ್ತ. ಅದೇ ತಿಂಗಳು ಲಂಡನ್ ಟವರ್‌ನ ಸೆರೆಯಲ್ಲಿ ಗಂಡನೂ ಸತ್ತ. ಅವಳೂ ಸೆರೆಯಾದಳು. ಅಲ್ಲಿಗೆ ಅವಳ ರಾಜಕೀಯವೂ ಮುಗಿಯಿತು ನೋಡು. ಯಾರಿಗಾಗಿ ಮಾಡಬೇಕಿತ್ತು? 1475ರಲ್ಲಿ ಫ್ರಾನ್ಸಿನ 11ನೇ ಲೂಯಿ 50,000 ಕ್ರೌನ್ ಕೊಡುವ ಒಪ್ಪಂದ ಮಾಡಿ ಅವಳನ್ನು ಬಿಡಿಸಿಕೊಂಡ. ಪುಕ್ಕಟೆ ಅಲ್ಲ, ತವರಿನ ಆಸ್ತಿಯ ಹಕ್ಕೆಲ್ಲ ಬರೆಸಿಕೊಂಡ.

1482ರ ಆಗಸ್ಟ್‌ನಲ್ಲಿ ತೀರಿಕೊಂಡಳು. ಆಮೇಲೆ ಲೂಯಿ ಅವಳ ನಾಯಿಗಳನ್ನು ಪಡೆದಿದ್ದ ಹೆಂಗಸೊಬ್ಬಳಿಗೆ ಪತ್ರ ಬರೆದ. ನಾಯಿಗಳನ್ನೆಲ್ಲ ಕಳಿಸಿಕೊಡಿ, ಅವಳಿಂದ ನನಗೆ ಸಿಗುವುದು ಅಷ್ಟೇ ಎಂದು.

ನಿನ್ನ ಗೆಳತಿ