ವೆನ್ಲಾಕ್‌ನಲ್ಲಿ ಹೆತ್ತವರಿಗೊಂದು ಆಟದ ಕೋಣೆ ಬೇಕು: ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ದಕ್ಷಿಣ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರೇ,

ಮೂರು-ನಾಲ್ಕು ವರ್ಷದ ಮಗು ದಿನಕ್ಕೆ ಹಲವು ಸಲ ರಚ್ಚೆ ಹಿಡಿದು ಹೊರಳಾಡುತ್ತದೆ, ತಂಗಿಗೆ ಕಚ್ಚುತ್ತದೆ, ಹೇಳಿದ ಒಂದು ಮಾತೂ ಕೇಳುವುದಿಲ್ಲ ಎಂದರೆ ನಮ್ಮೂರಲ್ಲಿ ಸಿಗುವ ಸಲಹೆ ಎರಡೇ: ‘ಎರಡು ಪೆಟ್ಟು ಕೊಡಿ’, ಇಲ್ಲವೇ ‘ದೊಡ್ಡದಾದ ಮೇಲೆ ಸರಿಹೋಗುತ್ತದೆ’. ಇವೆರಡೂ ಅಲ್ಲದ ಚಿಕಿತ್ಸೆಯೊಂದಿದೆ. ಅದು ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವಂತಾಗಲಿ ಎಂದು ಕೇಳಲು, ಮಕ್ಕಳ ಮನಸ್ಸಿನ ಆರೋಗ್ಯದಲ್ಲಿ ಕೆಲಸ ಮಾಡುವ ನಾವು ಇದನ್ನು ಬರೆಯುತ್ತಿದ್ದೇವೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಶೀಲಾ ಐಬರ್ಗ್ 1970ರ ದಶಕದಲ್ಲಿ ರೂಪಿಸಿದ ‘ಪೇರೆಂಟ್-ಚೈಲ್ಡ್ ಇಂಟರಾಕ್ಷನ್ ಥೆರಪಿ’ (ಹೆತ್ತವರು-ಮಗುವಿನ ಒಡನಾಟದ ಚಿಕಿತ್ಸೆ) 2ರಿಂದ 7 ವರ್ಷದ ಮಕ್ಕಳಿಗಾಗಿ ಇರುವುದು. ಮಗುವಿನ ಜೊತೆ ಆಡುವುದು ಹೆತ್ತವರು. ಚಿಕಿತ್ಸಕರು ಪಕ್ಕದ ಕೋಣೆಯಲ್ಲಿ, ಆಚೆಯಿಂದ ಮಾತ್ರ ಕಾಣುವ ಗಾಜಿನ ಹಿಂದೆ ಕುಳಿತು, ತಾಯಿ ಅಥವಾ ತಂದೆಯ ಕಿವಿಯ ಇಯರ್‌ಫೋನಿಗೆ ಆಯಾ ಕ್ಷಣದಲ್ಲೇ ಹೇಳಿಕೊಡುತ್ತಾರೆ. ಶಿಬಿರದ ಉಪನ್ಯಾಸ ಕೇಳಿ ಮನೆಗೆ ಹೋದ ತಾಯಿಗೆ ಮಗು ಕಿರುಚಿದಾಗ ಕೇಳಿದ್ದೊಂದೂ ನೆನಪಾಗುವುದಿಲ್ಲ. ಕಿರುಚುತ್ತಿರುವಾಗಲೇ ಮಾಡಿ ಕಲಿತದ್ದು ಉಳಿಯುತ್ತದೆ.

ಮೊದಲ ಹಂತದಲ್ಲಿ ಆಟದ ಮುಂದಾಳು ಮಗು. ಅದು ಮಾಡುವುದನ್ನು ಹೆತ್ತವರು ಬಾಯಲ್ಲಿ ವರ್ಣಿಸಬೇಕು, ಅದರ ಮಾತನ್ನು ಮರಳಿ ಹೇಳಬೇಕು, ಹೊಗಳಬೇಕು. ‘ಒಳ್ಳೆ ಮಗು’ ಎಂದರೆ ಸಾಲದು. ‘ಬ್ಲಾಕ್ ಎಸೆಯದೆ ಮೆಲ್ಲ ಇಟ್ಟೆ, ತುಂಬ ಖುಷಿಯಾಯಿತು’ ಎನ್ನಬೇಕು. ಐದು ನಿಮಿಷದಲ್ಲಿ ಇಂಥ ಹೊಗಳಿಕೆ 10, ಮಾತಿನ ಮರುನುಡಿ 10, ವರ್ಣನೆ 10 ಬರಬೇಕು. ಪ್ರಶ್ನೆ, ಆಜ್ಞೆ, ಬೈಗುಳ ಎಲ್ಲ ಸೇರಿ 3 ಮೀರಬಾರದು. ಹೆಚ್ಚಿನವರು ಎಡವುವುದು ಪ್ರಶ್ನೆಯಲ್ಲಿ. ‘ಇದು ಯಾವ ಬಣ್ಣ?’ ಎಂದು ಕೇಳುವುದು ಕಲಿಸಿದಂತೆ ಕಾಣುತ್ತದೆ, ಆದರೆ ಆಟದ ಲಗಾಮು ಮಗುವಿನ ಕೈತಪ್ಪುತ್ತದೆ. ಮನೆಯಲ್ಲೂ ದಿನಕ್ಕೆ ಐದು ನಿಮಿಷ ಇದೇ ಅಭ್ಯಾಸ: ಟಿವಿ ಬಂದ್, ಮೊಬೈಲ್ ದೂರ. ಬ್ಲಾಕ್, ಕ್ರೇಯಾನ್, ಅಡುಗೆ ಆಟದ ಸಾಮಾನು ಸಾಕು. ಎಸೆಯುವ ಚೆಂಡು, ಆಟದ ಪಿಸ್ತೂಲು, ಸೋಲು-ಗೆಲುವಿನ ಹಾವು-ಏಣಿ ಬೇಡ.

ಇದು ಕೈಗೂಡಿದ ಮೇಲಷ್ಟೇ ಎರಡನೆಯ ಹಂತ. ಒಂದು ಸಲಕ್ಕೆ ಒಂದೇ ಆಜ್ಞೆ, ಅದೂ ನೇರವಾಗಿ: ‘ಕಾರನ್ನು ಡಬ್ಬಿಯಲ್ಲಿಡು.’ ಐದು ಸೆಕೆಂಡು ಸುಮ್ಮನೆ ಕಾಯಬೇಕು. ಮಾಡಿದರೆ ಕೂಡಲೇ ಹೊಗಳಿಕೆ. ಮಾಡದಿದ್ದರೆ ಒಂದೇ ಎಚ್ಚರಿಕೆ, ಮತ್ತೆ ಐದು ಸೆಕೆಂಡು. ಆಗಲೂ ಕೇಳದಿದ್ದರೆ ಮೂರು ನಿಮಿಷ ಕುರ್ಚಿಯಲ್ಲಿ ಕೂರಿಸುವುದು, ಕೊನೆಯ ಐದು ಸೆಕೆಂಡು ಮಗು ಸದ್ದಿಲ್ಲದೆ ಇರಬೇಕು. ಎದ್ದ ಮೇಲೆ ಅದೇ ಕಾರು ಅದೇ ಡಬ್ಬಿಗೆ ಹೋಗಲೇಬೇಕು. ಇದನ್ನು ಬಿಟ್ಟರೆ, ಕುರ್ಚಿಯಲ್ಲಿ ಕೂತರೆ ಕೆಲಸ ತಪ್ಪುತ್ತದೆ ಎಂದು ಮಗು ಕಲಿಯುತ್ತದೆ. ಮೊದಲ ಹಂತ ಹಾರಿಸಿ ಕುರ್ಚಿ ತಂದವರ ಮನೆಯಲ್ಲಿ ಇದು ಬರೀ ಶಿಕ್ಷೆಯಾಗುತ್ತದೆ.

ಶುರುವಿನಲ್ಲಿ ಹಠ ಇನ್ನೂ ಜೋರಾಗುವುದುಂಟು. ಹಳೆಯ ಉಪಾಯ ನಡೆಯದಾದಾಗ ಮಗು ಅದನ್ನೇ ಇನ್ನಷ್ಟು ಗಟ್ಟಿಯಾಗಿ ಪ್ರಯೋಗಿಸುತ್ತದೆ. ಆ ಹೊತ್ತಿಗೆ ಅಜ್ಜಿ ಕನಿಕರದಿಂದ ಎತ್ತಿಕೊಂಡರೆ, ಜೋರಾಗಿ ಅತ್ತರೆ ಗೆಲ್ಲಬಹುದು ಎಂಬ ಪಾಠ ಗಟ್ಟಿಯಾಗುತ್ತದೆ. ಆದ್ದರಿಂದ ಅಜ್ಜ-ಅಜ್ಜಿಯರನ್ನೂ ಕೋಣೆಗೆ ಕರೆಯಬೇಕು. ಅಪ್ಪ ಗಲ್ಫ್‌ನಲ್ಲಿದ್ದರೆ ವಿಡಿಯೋ ಕರೆಯಲ್ಲಾದರೂ ವಿಷಯ ತಿಳಿಸಬೇಕು.

ಬೇಕಾದ ಸಲಕರಣೆ ದೊಡ್ಡದಲ್ಲ: ಒಂದಕ್ಕೊಂದು ತಾಗಿದ ಎರಡು ಕೋಣೆ, ಗಾಜು ಇಲ್ಲವೇ ಕ್ಯಾಮೆರಾ, ಒಂದು ಇಯರ್‌ಫೋನ್. ಸಿಗದಿರುವುದು ತರಬೇತಾದ ಮನಶ್ಶಾಸ್ತ್ರಜ್ಞರು. ಖರ್ಚು ಮಾಡಬೇಕಾದದ್ದು ಅಲ್ಲಿ. ಅವರಿಗೆ ಕನ್ನಡವಷ್ಟೇ ಬಂದರೆ ಸಾಲದು. ತುಳುವಿನಲ್ಲೋ ಬ್ಯಾರಿಯಲ್ಲೋ ಮಗುವನ್ನು ಮುದ್ದಿಸುವ ತಾಯಿಯ ಕಿವಿಗೆ ಬೇರೆ ಭಾಷೆಯಲ್ಲಿ ಹೇಳಿದರೆ, ಅವಳು ಅದನ್ನು ಬದಲಿಸಿ ಆಡುವಷ್ಟರಲ್ಲಿ ಹೊಗಳುವ ಕ್ಷಣ ದಾಟಿರುತ್ತದೆ.

ವಾರಕ್ಕೊಂದು ಗಂಟೆಯಂತೆ ಸಾಮಾನ್ಯವಾಗಿ 12ರಿಂದ 20 ವಾರ ಬೇಕು. ಸುಳ್ಯದಿಂದ ಬರುವ ಬೀಡಿ ಕಾರ್ಮಿಕ ತಾಯಿಗೆ ಪ್ರತಿ ಸಲವೂ ಒಂದು ದಿನದ ದುಡಿಮೆ ಹೋಗುತ್ತದೆ, ಅರ್ಧದಲ್ಲೇ ಬಿಡುತ್ತಾಳೆ. ವಿಡಿಯೋ ಕರೆಯ ಮೂಲಕ ಈ ಚಿಕಿತ್ಸೆ ಬೇರೆ ಕಡೆ ನಡೆದಿದೆ. ದೂರದ ತಾಲೂಕುಗಳಿಗೆ ಅದನ್ನೇ ಅಳವಡಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಹೋಗುವಾಗ ಇಂಥ ಮಕ್ಕಳನ್ನು ಗುರುತಿಸಲಿ, ಮೊದಲು ಕಿವಿ, ಮಾತು ಮತ್ತು ಆಟಿಸಂ ತಪಾಸಣೆಯಾಗಲಿ. ಕೇಳಿಸದ ಮಗುವನ್ನು ಮಾತು ಕೇಳದ ಮಗುವೆಂದು ಕುರ್ಚಿಯಲ್ಲಿ ಕೂರಿಸುವುದು ಅನ್ಯಾಯ. ಅಂಗನವಾಡಿ ಕಾರ್ಯಕರ್ತೆಯರ ಮೇಲೆ ಈ ಕೆಲಸವನ್ನೂ ಹೊರಿಸಬೇಡಿ; ಅವರು ಕಳಿಸಿಕೊಟ್ಟರೆ ಸಾಕು.

ವರ್ಷದ ಕೊನೆಗೆ ಇಲಾಖೆಯಿಂದ ಲೆಕ್ಕ ಕೇಳುವಾಗ ಎಷ್ಟು ಶಿಬಿರ ನಡೆಯಿತೆಂದು ಕೇಳಬೇಡಿ. ಎಷ್ಟು ಕುಟುಂಬ ಎರಡೂ ಹಂತ ಮುಗಿಸಿತು, ಬಿಟ್ಟವರು ಎಷ್ಟನೆಯ ವಾರ ಬಿಟ್ಟರು, ಏಕೆ ಬಿಟ್ಟರು ಎಂದು ಕೇಳಿ.

ಇತಿ,
ಮಂಗಳೂರಿನ ಮಕ್ಕಳ ಮನೋಆರೋಗ್ಯ ಕಾರ್ಯಕರ್ತರು