ಡಿ-ಡೈಮರ್ ಶಿಬಿರ ಬೇಡ, ಐಎನ್‌ಆರ್ ಪರೀಕ್ಷೆ ಕೊಡಿ

ಮಡಿಕೇರಿ ಮತ್ತು ವಿರಾಜಪೇಟೆ ಕ್ಷೇತ್ರಗಳ ಮಾನ್ಯ ಶಾಸಕರಿಗೆ ನಮಸ್ಕಾರ.

ಹಿರಿಯರಿಗೆ ಲಕ್ವ ಹೊಡೆಯುವ ಮೊದಲೇ ಸುಳಿವು ಸಿಗಲಿ ಅಂತ ಶಿಬಿರ ಹಾಕುವ ಮಾತು ಬಂದರೆ ಸಾಕು, ಡಿ-ಡೈಮರ್ ಎಂಬ ರಕ್ತಪರೀಕ್ಷೆಯ ಹೆಸರು ಎದ್ದು ಬರುತ್ತದೆ. ಕೊರೊನಾ ಕಾಲದಲ್ಲಿ ಮನೆಮಾತಾದ ಪರೀಕ್ಷೆ ಅಲ್ವಾ. ಅದಕ್ಕೆ ಸರ್ಕಾರದ ದುಡ್ಡು ಸುರಿಯಬೇಡಿ. ಆ ದುಡ್ಡನ್ನು ಐಎನ್‌ಆರ್‌ಗೆ, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವ ಪರೀಕ್ಷೆಗೆ ಹಾಕಿ.

ಹೆಪ್ಪುಗಟ್ಟಿದ ರಕ್ತ ಕರಗುವಾಗ ಉಳಿಯುವ ಚೂರೇ ಡಿ-ಡೈಮರ್. ಸೋಂಕು, ಪೆಟ್ಟು, ಆಪರೇಷನ್, ಯಾವುದಾದರೂ ಅದನ್ನು ಏರಿಸುತ್ತದೆ. ವಯಸ್ಸೊಂದೇ ಸಾಕು. ಶ್ವಾಸಕೋಶದಲ್ಲಿ ಹೆಪ್ಪು ಇಲ್ಲ ಎಂದು ತಿಳಿಯಲು ಇದನ್ನು ಬಳಸುವಾಗ, 50 ದಾಟಿದವರಿಗೆ ವಯಸ್ಸನ್ನು 10ರಿಂದ ಗುಣಿಸಿ ಮಿತಿ ಇಡುವ ಕ್ರಮವೂ ಇದೆ. ಸಾಮಾನ್ಯ ಮಿತಿ 500 ಇರುವಲ್ಲಿ 80ರ ಅಜ್ಜನಿಗೆ 800. ಡಿ-ಡೈಮರ್ ಜಾಸ್ತಿ ಇರುವವರಲ್ಲಿ ಲಕ್ವ ಹೆಚ್ಚು ಎಂದು ಅಧ್ಯಯನಗಳು ಹೇಳುವುದು ನಿಜ. ಆದರೆ ಆ ಒಂದು ಅಂಕಿ ನೋಡಿ ಯಾವ ಡಾಕ್ಟರೂ ಮಾತ್ರೆ ಬರೆಯಲಾಗದು. ಸುಮ್ನೆ ಗಾಬರಿ.

ಶಿಬಿರ ಮಾಡಲೇಬೇಕಾದರೆ ಬಿಪಿ ನೋಡಿ, ನಾಡಿ ಹಿಡಿದು ನೋಡಿ. ಬಡಿತ ತಾಳ ತಪ್ಪಿದ್ದರೆ ಇಸಿಜಿ ಮಾಡಿಸಿ. ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲಿನ ಕೋಣೆಗಳ ಬಡಿತ ತಾಳ ತಪ್ಪುವ ತೊಂದರೆ ಇದ್ದರೆ ಲಕ್ವದ ಅಪಾಯ ಸುಮಾರು ಐದು ಪಟ್ಟು. ಅದಕ್ಕೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದಿದೆ.

ನಿಜವಾದ ತೊಂದರೆ ಮದ್ದು ಶುರುವಾದ ಮೇಲೆ. ನಮ್ಮ ಅಮ್ಮನಿಗೆ ಹೃದಯದಲ್ಲಿ ಲೋಹದ ಕವಾಟ ಹಾಕಿದ್ದಾರೆ. ಹೆಪ್ಪು ತಡೆಯುವ ಹೊಸ ಮಾತ್ರೆಗಳು ಅವರಿಗೆ ಆಗುವುದಿಲ್ಲ, ವಾರ್ಫರಿನ್ ಎಂಬ ಹಳೆಯ ಮಾತ್ರೆಯೇ ಗತಿ. ಐಎನ್‌ಆರ್ ಇಳಿದರೆ ಹೆಪ್ಪು, ಏರಿದರೆ ರಕ್ತಸ್ರಾವ. ಆಗಾಗ ಪರೀಕ್ಷೆ ಆಗಲೇಬೇಕು. ಭಾಗಮಂಡಲದ ಕಡೆಯಿಂದ ಮಡಿಕೇರಿಗೆ ಹೋಗುವುದು ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಮರ ಬಿದ್ದು ರಸ್ತೆ ಬಂದ್. ಅದೇ ತಿಂಗಳು ಮನೆಯಲ್ಲಿ ಕೆಸುವಿನ ಸೊಪ್ಪು ಜೋರು. ಸೊಪ್ಪಿನ ವಿಟಮಿನ್ ಕೆ ವಾರ್ಫರಿನ್ ಬಲ ತಗ್ಗಿಸುತ್ತದೆ. ಪರೀಕ್ಷೆ ತೀರಾ ಬೇಕಾದ ದಿನಗಳಲ್ಲೇ ಕೈಗೆಟುಕುವುದಿಲ್ಲ. (ಸೊಪ್ಪು ಬಿಡು ಅಂದರೆ ಅಮ್ಮ ಕೇಳುವವರಲ್ಲ. ಬಿಡಬೇಕಾಗಿಯೂ ಇಲ್ಲ, ದಿನಾ ಒಂದೇ ಅಳತೆಯಲ್ಲಿದ್ದರೆ ಸಾಕು.)

ಬೆರಳ ತುದಿಯ ಹನಿ ರಕ್ತದಲ್ಲಿ ನಿಮಿಷಗಳಲ್ಲೇ ಐಎನ್‌ಆರ್ ತೋರಿಸುವ ಪುಟ್ಟ ಯಂತ್ರಗಳಿವೆ. ದೂರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಒಂದೊಂದು ಕೊಡಿಸಿ. ಯಂತ್ರ ಉದ್ಘಾಟಿಸಿ, ಅದಕ್ಕೆ ಹಾಕುವ ಪರೀಕ್ಷಾ ಪಟ್ಟಿ (ಸ್ಟ್ರಿಪ್) ಖಾಲಿಯಾದ ಮೇಲೆ ಮೂಲೆಗೆ ತಳ್ಳುವ ಹಾಗಾಗಬಾರದು. ಪಟ್ಟಿಗೂ ವರ್ಷವರ್ಷ ಹಣ ಇಡಿ.

ಲಕ್ವ ಹೊಡೆದ ಮೇಲೆ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ನಾಲ್ಕೂವರೆ ಗಂಟೆ. ಅದರೊಳಗೆ ಸಿಟಿ ಸ್ಕ್ಯಾನ್ ಕೂಡ ಆಗಬೇಕು. ದೊಡ್ಡ ಆಸ್ಪತ್ರೆಗೆಂದು ಮೈಸೂರಿಗೆ ಓಡಬೇಕಾದರೆ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಭಾಗಮಂಡಲಕ್ಕಿಂತಲೂ ಆಚೆಯ ಕರಿಕೆಯವರ ಲೆಕ್ಕ ನೀವೇ ಹಾಕಿ.

ಮುಂದಿನ ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆಯಲ್ಲಿ ಆರೋಗ್ಯಾಧಿಕಾರಿಗಳನ್ನು ಇಷ್ಟು ಕೇಳಿ: ಇವತ್ತು ಜಿಲ್ಲೆಯ ಯಾವ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಐಎನ್‌ಆರ್ ಆಗುತ್ತದೆ? ಉತ್ತರವನ್ನು ಪತ್ರಿಕೆಗಳಿಗೂ ಕೊಡಿ.

ಇಂತಿ,
ಭಾಗಮಂಡಲ ಕಡೆಯ ಒಬ್ಬ ಮತದಾರ